ವರ್ಷವೆಂದರೆ ಎಷ್ಟು ದಿನ?

ವರ್ಷಕ್ಕೆ ದಿನಗಳೆಷ್ಟು ಎಂದು ಮೂರನೆಯ ತರಗತಿಯ ಹುಡುಗನನ್ನು ಕೇಳಿದರೆ ಮುನ್ನೂರ ಅರುವತ್ತೈದು ಎಂದು ಥಟ್ಟನೆ ಹೇಳುತ್ತಾನೆ; ಕೊಂಚ ಚುರುಕಾದವನಾದರೆ ಅಧಿಕ ವರ್ಷದ ಮಾತನ್ನೂ ಎತ್ತುತ್ತಾನೆ. ಮೂವತ್ತೆರಡು ವರ್ಷ ಕನ್ನಡದ ಉಪಾಧ್ಯಾಯನಾಗಿದ್ದು ನಿವೃತ್ತನಾದ ನಾನು ಈ ವಿಷಯದಲ್ಲಿ ಎಂದೂ ಸಂಶಯಪಟ್ಟವನಲ್ಲ. ಆದರೆ ಕಳೆದ ಬೇಸಗೆಯಲ್ಲಿ ಕ್ಯಾಲಿಫೋರ್ನಿಯದಲ್ಲಿರುವ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದ ಮೇಲೆ, ವರ್ಷವೆಂಬುದು ಕೊಳ್ಳುವವನ ಕೈಯನ್ನು ನೋಡಿ ಹಿಗ್ಗುವ, ಕುಗ್ಗುವ ಪದಾರ್ಥವೆಂಬುದು ಮನದಟ್ಟಾಗಿದೆ. ಹಾಗೆ ಮನದಟ್ಟಾದ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲಾಸ್ ಏಂಜಲೀಸಿನ ಸುತ್ತಣ ಆ ಪ್ರಾಂತದಲ್ಲಿ ವಿನೋದೋದ್ಯಾನಗಳಿಗೆ ಬರವಿಲ್ಲ. ಡಿಸ್ನಿಲ್ಯಾಂಡ್, ನಾಟ್ಸ್ ಬೆರ್ರಿ ಫಾರ್ಮ್, ಯೂನಿವರ್ಸಲ್ ಸ್ಟುಡಿಯೋಸ್, ಸಿಕ್ಸ್ ಫ್ಲಾಗ್ಸ್ ಮ್ಯಾಜಿಕ್ ಮೌಂಟನ್ ಎಂದು ಬೆರಳು ಮಡಿಸುತ್ತ ಹೋಗಬಹುದು. ನನ್ನ ಮೊಮ್ಮಗಳು ಹೋಗುತ್ತಿದ್ದುದು ಯಾವುದಕ್ಕೆ ಎಂಬುದನ್ನು ನಾನು ಹೇಳುವುದಿಲ್ಲ. ಹೇಳಿದರೆ ದೂರು ಒಂದರ ತಲೆಯ ಮೇಲೆ ಕೂರುತ್ತದೆ. ಪದ್ಧತಿಯಾದರೋ ಒಂದೇ ಮನೆಯದಲ್ಲ. ಒಂದು ಸಂಜೆ ಮಗಳ ಫೋನಿಗೆ ಆ ಉದ್ಯಾನದವರ ಪತ್ರ ಬಂತು. ನಿಮ್ಮ ವಾರ್ಷಿಕ ಪಾಸಿನ ಅವಧಿ ಮೂವತ್ತು ದಿನಗಳಲ್ಲಿ ಮುಗಿಯಲಿದೆ. ಈ ಸಲ ನಿಮಗೆ ಹೆಚ್ಚಿನ ಆಯ್ಕೆಗಳನ್ನು ಒದಗಿಸಲು ನಮಗೆ ಸಂತೋಷವಾಗುತ್ತದೆ ಎಂದು ಅದರ ಒಕ್ಕಣೆ. ಮಗಳು ಅದನ್ನು ಎರಡು ಸಲ ಓದಿ, "ಅಪ್ಪ, ಇವರಿಗೆ ಸಂತೋಷವಾದಾಗಲೆಲ್ಲ ನಮಗೆ ಖರ್ಚು" ಎಂದಳು.

ಹೆಚ್ಚಿನ ಆಯ್ಕೆ ಎಂದರೆ ಏನೆಂಬುದು ಆಮೇಲೆ ತಿಳಿಯಿತು. ಮೊದಲು ಮೂರು ದರ್ಜೆಯ ಪಾಸುಗಳಿದ್ದುವು, ಇವರದು ನಡುವಣದು. ಈಗ ನಡುವಣದನ್ನು ಒಡೆದು ಎರಡು ಮಾಡಿದ್ದರು. ಹಳೆಯ ಬೆಲೆಗೆ ಶನಿವಾರವಿಲ್ಲದ ಪಾಸು; ಶನಿವಾರ ಬೇಕಾದವರಿಗೆ ಅದರ ಮೇಲಿನದು, ಮೇಲಿನ ಬೆಲೆಗೆ. ನಿನ್ನೆಯವರೆಗೆ ಒಂದೇ ಹಣಕ್ಕೆ ಬರುತ್ತಿದ್ದ ಒಂದೇ ವಸ್ತುವನ್ನು ಎರಡು ತುಂಡುಮಾಡಿ, ಎರಡಕ್ಕೂ ಹೊಸ ಹೆಸರನ್ನಿಟ್ಟು, ಅದಕ್ಕೆ ಆಯ್ಕೆ ಎಂದು ಕರೆದಿದ್ದರು. ನನಗೆ ಪಾಸೆಂದರೆ ಪರೀಕ್ಷೆ, ದರ್ಜೆಯೆಂದರೆ ಅದರ ಫಲಿತಾಂಶ. ಇಲ್ಲಿಯೂ ಪರೀಕ್ಷೆಯೇ; ಆದರೆ ಬರೆಯತಕ್ಕವರು ತಾಯಿತಂದೆಗಳು, ದರ್ಜೆ ಬೀಳುವುದು ಮಕ್ಕಳ ಮೇಲೆ.

ಈ ದರ್ಜೆಗಳ ವ್ಯವಹಾರ ಹೊಸದೇನೂ ಅಲ್ಲ. ಈ ಜಾತಿಯ ಉದ್ಯಾನಗಳಿಗೆಲ್ಲ ಮಾದರಿಯೆನಿಸಿದ ಡಿಸ್ನಿಲ್ಯಾಂಡ್ ಅನಾಹೈಮ್ ಎಂಬ ಊರಿನ ಕಿತ್ತಳೆ ತೋಟಗಳ ನೆಲದಲ್ಲಿ 1955ರ ಜುಲೈ 17ರಂದು ತೆರೆದಾಗ ದೊಡ್ಡವರ ಪ್ರವೇಶಕ್ಕೆ ಒಂದು ಡಾಲರ್, ಮಕ್ಕಳಿಗೆ ಅರ್ಧ ಡಾಲರ್. ಒಳಗಿನ ಆಟಗಳಿಗೆ ಬೇರೆ ಬೇರೆ ತೆರಬೇಕಾಗಿತ್ತು. ಅದೇ ವರ್ಷ ಚೀಟಿಗಳ ಪುಸ್ತಕ ಬಂತು: ಎ, ಬಿ, ಸಿ ಎಂದು ಮೂರು ಬಗೆಯ ಚೀಟಿಗಳು. ಮುಂದೆ ಡಿ ಬಂತು. 1959ರಲ್ಲಿ ಇ ಬಂತು. ಎಲ್ಲಕ್ಕಿಂತ ರೋಮಾಂಚಕವಾದ ಆಟಗಳಿಗೆ ಇ ಚೀಟಿಯೇ ಬೇಕು. 1982ರಲ್ಲಿ ಈ ಪುಸ್ತಕಗಳನ್ನು ನಿಲ್ಲಿಸಿದರೂ, ಅಮೆರಿಕದ ಆಡುಮಾತಿನಲ್ಲಿ 'ಇ ಟಿಕೆಟ್' ಎಂಬುದು ಅತ್ಯುತ್ಕೃಷ್ಟವಾದ ಅನುಭವಕ್ಕೆ ಹೆಸರಾಗಿ ಉಳಿದುಕೊಂಡಿತು. ಆದರೆ ಗಮನಿಸಬೇಕಾದ ಸಂಗತಿ ಒಂದಿದೆ. ಆ ಚೀಟಿಗಳು ಆಟಗಳನ್ನು ವಿಂಗಡಿಸಿದುವು, ಆಡುವವರನ್ನು ವಿಂಗಡಿಸಲಿಲ್ಲ. ಎಲ್ಲರ ಪುಸ್ತಕದಲ್ಲಿಯೂ ಎ ಇಂದ ಇ ವರೆಗೆ ಒಂದಿಷ್ಟು ಚೀಟಿಗಳಿರುತ್ತಿದ್ದುವು.

ವಾರ್ಷಿಕ ಪಾಸು ಬಂದುದು 1980ರ ದಶಕದಲ್ಲಿ. ಕಾಲಕ್ರಮದಲ್ಲಿ ಅದಕ್ಕೂ ದರ್ಜೆಗಳು ಹುಟ್ಟಿದುವು. ಮಹಾಮಾರಿಯ ದೆಸೆಯಿಂದ 2020ರ ಮಾರ್ಚಿಯಲ್ಲಿ ಮುಚ್ಚಿದ ಉದ್ಯಾನ ಮತ್ತೆ ತೆರೆದುದು 2021ರ ಏಪ್ರಿಲ್ ಕೊನೆಗೆ. ಈ ನಡುವೆ ಜನವರಿಯಲ್ಲಿ ಹಳೆಯ ಪಾಸುಗಳನ್ನು ಪೂರ್ತಿಯಾಗಿ ರದ್ದುಮಾಡಿ, ಆಗಸ್ಟಿನಲ್ಲಿ 'ಮ್ಯಾಜಿಕ್ ಕೀ' ಎಂಬ ಹೊಸ ಹೆಸರಿನಿಂದ ನಾಲ್ಕು ಬಗೆಯ ಬೀಗದಕೈಗಳನ್ನು ಮಾರಾಟಕ್ಕಿಟ್ಟರು. ಅವುಗಳ ಹೆಸರುಗಳನ್ನು ಕೇಳಿ ನನ್ನೊಳಗಿನ ಭಾಷೋಪಾಧ್ಯಾಯ ಎದ್ದು ಕುಳಿತ. ಇಮ್ಯಾಜಿನ್, ಎನ್‌ಚಾಂಟ್, ಬಿಲೀವ್, ಡ್ರೀಮ್: ಎಂದರೆ ಕಲ್ಪನೆ, ಮೋಡಿ, ನಂಬಿಕೆ, ಕನಸು. ಕಲ್ಪನೆಗೆ 399 ಡಾಲರ್. ಅದು ಆ ಪ್ರಾಂತದ ನಿವಾಸಿಗಳಿಗೆ ಮಾತ್ರ. ಮೋಡಿಗೆ 649. ನಂಬಿಕೆಗೆ 949. ಕನಸಿಗೆ 1,399, ನಮ್ಮ ಲೆಕ್ಕದಲ್ಲಿ ಅಂದಿಗೇ ಒಂದು ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತ. ಮೂರು ವರ್ಷ ತುಂಬಿದ ಮಗುವಿಗೂ ದೊಡ್ಡವರ ಬೆಲೆಯೇ. ನಾಲ್ವರ ಸಂಸಾರವೊಂದು ಕನಸು ಕಾಣುವುದಾದರೆ ಎಷ್ಟಾಯಿತೆಂಬುದನ್ನು ವಾಚಕರೇ ಗುಣಿಸಿಕೊಳ್ಳಬಹುದು.

ಕನಸು ಒಂದೇ ವರ್ಷ ಬಾಳಿತು. 2022ರ ಆಗಸ್ಟಿನಲ್ಲಿ ಅದನ್ನು ನಿಲ್ಲಿಸಿ, 1,599 ಡಾಲರಿಗೆ 'ಇನ್‌ಸ್ಪೈರ್' ಎಂಬ ಸ್ಫೂರ್ತಿಯನ್ನು ತಂದರು. ಕನಸಿಗೆ ನಿಷಿದ್ಧ ದಿನಗಳಿರಲಿಲ್ಲ. ಹೆಚ್ಚು ಬೆಲೆಯ ಸ್ಫೂರ್ತಿಗೆ ಕ್ರಿಸ್‌ಮಸ್ ಕಾಲದ ದಿನಗಳು ನಿಷಿದ್ಧವಾದುವು. 2024ರ ಅಕ್ಟೋಬರಿನ ಪರಿಷ್ಕರಣದ ಹೊತ್ತಿಗೆ ಮೇಲಿನ ಮೆಟ್ಟಿಲು 1,749ಕ್ಕೆ ಬಂದಿತ್ತು, ಕೆಳಗಿನದು 599ಕ್ಕೆ. ಮೇಲ್ನೋಟಕ್ಕೆ ಮೇಲಿನವನೇ ಹೆಚ್ಚು ತೆತ್ತನಲ್ಲ ಎನ್ನಿಸುತ್ತದೆ. ಗಣಿತ ಬೇರೆ ಮಾತನ್ನು ಹೇಳುತ್ತದೆ. ಮೂರು ವರ್ಷಗಳಲ್ಲಿ ಮೇಲಿನ ಮೆಟ್ಟಿಲು ಏರಿದ್ದು ನೂರಕ್ಕೆ ಇಪ್ಪತ್ತೈದರಂತೆ. ಕೆಳಗಿನ ಮೆಟ್ಟಿಲು ಏರಿದ್ದು ನೂರಕ್ಕೆ ಐವತ್ತರಂತೆ. ಬೆಟ್ಟ ಹತ್ತುವಾಗ ಹಿಂದುಳಿದವನ ಬೆನ್ನಿನ ಮೇಲೆಯೇ ಮೂಟೆ ಹೇರಿದಂತಾಯಿತು.

ವ್ಯಾಪಾರಿಯ ಪಕ್ಷದಲ್ಲಿಯೂ ನ್ಯಾಯವುಂಟು. ಅದನ್ನು ಹೇಳದೆ ಬಿಡುವುದು ಸರಿಯಲ್ಲ. ವಿನೋದೋದ್ಯಾನವೇನೂ ಕುಡಿಯುವ ನೀರಲ್ಲ, ಅಕ್ಕಿಯಲ್ಲ. ಅದಿಲ್ಲದೆ ಯಾವ ಮಗುವೂ ಸೊರಗುವುದಿಲ್ಲ. ಅದನ್ನು ಕಟ್ಟಿದವನು ತನಗೆ ತೋರಿದ ಬೆಲೆಯನ್ನು ಹೇಳುವುದಕ್ಕೆ ಸ್ವತಂತ್ರನು. ಅಲ್ಲದೆ ನೆಲಕ್ಕೆ ಮಿತಿಯಿದೆ, ಜನಕ್ಕೆ ಮಿತಿಯಿಲ್ಲ. ಪಾಸುಳ್ಳವರೆಲ್ಲರೂ ಒಂದೇ ಶನಿವಾರ ನುಗ್ಗಿದರೆ ಯಾರಿಗೂ ಸುಖವಿಲ್ಲ. ಒಂದು ಆಟಕ್ಕೆ ಎರಡು ಗಂಟೆ ಸಾಲಿನಲ್ಲಿ ನಿಲ್ಲಬೇಕು. ದೂರದೇಶದಿಂದ ಜೀವಮಾನಕ್ಕೊಮ್ಮೆ ಬಂದವನು ನಿರಾಶನಾಗಿ ಹಿಂತಿರುಗಬೇಕು. ಆದುದರಿಂದ ಜನಸಂದಣಿಯನ್ನು ವಾರದ ಏಳು ದಿನಗಳಿಗೂ ಹಂಚಬೇಕಾದರೆ, ಬಿಡುವಾದ ದಿನಕ್ಕೆ ಕಡಮೆ ಬೆಲೆಯನ್ನೂ ಸಂದಣಿಯ ದಿನಕ್ಕೆ ಹೆಚ್ಚಿನ ಬೆಲೆಯನ್ನೂ ಇಡುವುದು ಅರ್ಥಶಾಸ್ತ್ರ ಬಲ್ಲವರು ಒಪ್ಪುವ ಉಪಾಯವೇ. ನನ್ನ ಅಳಿಯ ಇದನ್ನೆಲ್ಲ ಊಟದ ಮೇಜಿನ ಬಳಿ ವಿವರಿಸಿದಾಗ ನಾನು ತಲೆದೂಗಿದೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ತಲೆ ಒಪ್ಪಿದ್ದನ್ನು ಮನಸ್ಸು ಏಕೆ ಒಪ್ಪಲಿಲ್ಲವೆಂದು ಯೋಚಿಸುತ್ತ ಮಲಗಿದ್ದೆ.

ಆಗ ನೆನಪಾದದ್ದು ನಮ್ಮೂರಿನ ಟೂರಿಂಗ್ ಟಾಕೀಸು. ಸುಗ್ಗಿ ಮುಗಿದ ಮೇಲೆ ಕೆರೆಯ ಪಕ್ಕದ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಅಲ್ಲಿಯೂ ದರ್ಜೆಗಳಿದ್ದುವು: ನೆಲ, ಬೆಂಚು, ಕುರ್ಚಿ. ನಾವು ನೆಲದವರು. ಶ್ಯಾನುಭೋಗರ ಮಕ್ಕಳು ಬೆಂಚಿನವರು. ಸಾಹುಕಾರರು ಕುರ್ಚಿಯವರು. ನಾವು ಮರಳನ್ನು ಗುಡ್ಡೆಮಾಡಿ ಅದರ ಮೇಲೆ ಕುಳಿತು ಪರದೆಗೆ ಹತ್ತಿರವಿದ್ದೇವೆಂದು ಹೆಮ್ಮೆಪಡುತ್ತಿದ್ದೆವು. ಅದು ಅಸಮತೆಯೇ, ಸಂದೇಹವಿಲ್ಲ. ಆದರೆ ರಾಜಕುಮಾರರು ಕತ್ತಿ ಹಿರಿದಾಗ ನೆಲವೂ ಬೆಂಚೂ ಕುರ್ಚಿಯೂ ಒಂದೇ ಗಳಿಗೆಯಲ್ಲಿ ಶಿಳ್ಳೆ ಹಾಕುತ್ತಿದ್ದುವು. ಮರುದಿನ ಶಾಲೆಯಲ್ಲಿ ಶ್ಯಾನುಭೋಗರ ಹುಡುಗನೂ ನಾನೂ ಒಂದೇ ಕಥೆಯನ್ನು ಹೇಳಿಕೊಳ್ಳುತ್ತಿದ್ದೆವು. ಅಂದಿನ ದರ್ಜೆ ಕೂರುವ ಸುಖವನ್ನು ಮಾರುತ್ತಿತ್ತು. ಇಂದಿನ ದರ್ಜೆ ದಿನವನ್ನೇ ಮಾರುತ್ತಿದೆ. ನೆಲದವನು ಒಂದು ದಿನ, ಕುರ್ಚಿಯವನು ಇನ್ನೊಂದು ದಿನ. ಒಬ್ಬನನ್ನೊಬ್ಬನು ಕಾಣಬೇಕಾದ ಅಗತ್ಯವೇ ಇಲ್ಲ.

ನಮ್ಮ ತಾತಂದಿರು ಪಂಚಾಂಗ ಬಿಡಿಸಿ, ರಾಹುಕಾಲ ಕಳೆದ ಮೇಲೆ ಪ್ರಯಾಣ ಹೊರಡುತ್ತಿದ್ದರು. ಅದನ್ನು ನೋಡಿ ಓದಿದವರು ನಕ್ಕದ್ದುಂಟು, ನಾನೂ ನಕ್ಕವನೇ. ಆದರೆ ಆ ರಾಹುಕಾಲಕ್ಕೆ ಒಂದು ಗುಣವಿತ್ತು: ಅದು ಜಮೀನುದಾರನಿಗೂ ಅವನ ಆಳಿಗೂ ಒಂದೇ ಆಗಿತ್ತು. ಕ್ಯಾಲಿಫೋರ್ನಿಯದ ಈ ಹೊಸ ಪಂಚಾಂಗದಲ್ಲಿ ರಾಹುಕಾಲ ಬರುವುದು ಕಡಮೆ ಹಣ ಕೊಟ್ಟವನಿಗೆ ಮಾತ್ರ.

ಇದು ಬರಿಯ ಮಾತಿನ ಚಮತ್ಕಾರವಲ್ಲವೆಂಬುದಕ್ಕೆ ಪಕ್ಕದ ಮನೆಯೇ ಸಾಕ್ಷಿ. ಮೊಮ್ಮಗಳಿಗೆ ಅಲ್ಲಿ ಒಬ್ಬ ಗೆಳತಿಯಿದ್ದಾಳೆ. ಇಬ್ಬರಿಗೂ ಒಂಬತ್ತು ವರ್ಷ. ಇಬ್ಬರದೂ ಒಂದೇ ಶಾಲೆ, ಒಂದೇ ತರಗತಿ. ಆ ಹುಡುಗಿಯ ತಾಯಿ ಒಂದು ಆಸ್ಪತ್ರೆಯಲ್ಲಿ ದಾದಿ; ಒಬ್ಬಳೇ ದುಡಿದು ಮಗಳನ್ನು ಸಾಕುತ್ತಿದ್ದಾಳೆ. ಆಕೆಗೆ ಬಿಡುವು ಶನಿವಾರ ಒಂದೇ. ಎರಡು ವರ್ಷಗಳಿಂದ ಎರಡು ಮನೆಯವರೂ ನಡುವಣ ಪಾಸನ್ನು ಕೊಂಡಿದ್ದರು. ಒಂದು ಶನಿವಾರ ಆಕೆ, ಒಂದು ಶನಿವಾರ ನನ್ನ ಮಗಳು, ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದರು. ಈಗ ದರ್ಜೆ ಒಡೆದ ಮೇಲೆ ಆಕೆಯ ಕೈಗೆ ನಿಲುಕುವುದು ಶನಿವಾರವಿಲ್ಲದ ಪಾಸು. ಉಳಿದ ವಾರದ ದಿನಗಳಲ್ಲಿ ಹುಡುಗಿಗೆ ಶಾಲೆ, ತಾಯಿಗೆ ಆಸ್ಪತ್ರೆ. ಶಾಲೆಗೆ ರಜ ಬಂದ ದಿನಗಳೋ, ಆ ಪಾಸಿಗೆ ಬಹುಮಟ್ಟಿಗೆ ನಿಷಿದ್ಧ.

ಇಲ್ಲಿಯೇ ಆ ಲೆಕ್ಕಾಚಾರದ ಕಣ್ಣಿಗೆ ಬೀಳದ ಸಂಗತಿಯಿರುವುದು. ಅಗ್ಗದ ಪಾಸು ಹಣವಿಲ್ಲದವರಿಗಾಗಿ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಬಿಡುವುಳ್ಳವರಿಗಾಗಿ. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಉದ್ಯಾನದಲ್ಲಿ ಅಡ್ಡಾಡಬಲ್ಲವರು ಯಾರು? ನನ್ನಂಥ ನಿವೃತ್ತರು, ತಮ್ಮ ಹೊತ್ತಿಗೆ ತಾವೇ ಯಜಮಾನರಾದವರು. ಗಡಿಯಾರಕ್ಕೆ ಕೂಲಿ ಮಾಡುವವನಿಗೆ ಹಣವೂ ಕಡಮೆ, ಹೊತ್ತೂ ಕಡಮೆ. ಹಣದಿಂದ ತೆರಲಾರದವನು ಹೊತ್ತಿನಿಂದ ತೆರಲಿ ಎಂದು ಅವನಿಗೆ ಹೇಳುವುದು, ಎತ್ತಿಲ್ಲದವನಿಗೆ ಗಾಡಿಯನ್ನು ಅರ್ಧ ಬೆಲೆಗೆ ಕೊಟ್ಟಂತೆ. ವಾರದ ರಜವೆಂಬುದು ವ್ಯಾಪಾರಿಯೊಬ್ಬನ ಸೃಷ್ಟಿಯಲ್ಲ. ದುಡಿಯುವ ಜನ ತಲೆಮಾರುಗಳ ಕಾಲ ಕೇಳಿ, ಹೋರಾಡಿ ಪಡೆದ ಸಾಮಾನ್ಯ ಸ್ವತ್ತು. ಎಲ್ಲರಿಗೂ ಒಂದೇ ದಿನ ಬಿಡುವು ಎಂಬುದರಲ್ಲಿಯೇ ಅದರ ಬೆಲೆಯಿದೆ. ಆ ದಿನವನ್ನೇ ತೂಕಕ್ಕಿಟ್ಟು ಮಾರುವಾಗ ನಾವು ಕಳೆದುಕೊಳ್ಳುವುದು ಆಟವನ್ನಲ್ಲ, ಜೊತೆಯನ್ನು.

ಒಂದು ಸಂಜೆ ಆ ಇಬ್ಬರು ಮಕ್ಕಳು ನಡುಮನೆಯ ನೆಲದ ಮೇಲೆ ಗೋಡೆಯ ಕ್ಯಾಲೆಂಡರನ್ನು ಹರಡಿಕೊಂಡು ಕುಳಿತಿದ್ದರು. ಮೇಲಿನ ಪಾಸಿನ ದಿನಗಳಿಗೆ ಹಸುರು ಬಣ್ಣ, ಕೆಳಗಿನದಕ್ಕೆ ನೀಲಿ. ಎರಡೂ ಬಣ್ಣ ಬಿದ್ದ ದಿನಗಳು ಬೇಕಾದಷ್ಟಿದ್ದುವು. ಎಲ್ಲವೂ ಶಾಲೆಯ ದಿನಗಳು. ಅವರು ಹನ್ನೆರಡು ಹಾಳೆಗಳನ್ನೂ ತಿರುವಿ ನೋಡಿದರು. ಗೆಳತಿಯ ಹುಟ್ಟುಹಬ್ಬ ಬಂದುದೂ ಒಂದು ಶನಿವಾರವೇ. ನಮ್ಮ ಹುಡುಗಿ ಅದಕ್ಕೆ ಹಸುರು ಬಳಿಯಲು ಕೈಯೆತ್ತಿದವಳು ಹಾಗೆಯೇ ನಿಂತು, ಬಣ್ಣದ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಳು. ನಾನು ಪತ್ರಿಕೆ ಓದುವವನಂತೆ ಮುಖ ಮರೆಮಾಡಿಕೊಂಡೆ.

ಮರುದಿನ ನಾನೊಂದು ಅಧಿಕಪ್ರಸಂಗ ಮಾಡಿದೆ. ಎರಡು ಪಾಸುಗಳ ನಡುವಣ ಅಂತರವನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ, ಆ ಮಗುವಿಗೂ ಆಕೆಗೂ ಶನಿವಾರದ ಪಾಸೇ ಇರಲಿ ಎಂದು ಮಗಳ ಮೂಲಕ ಹೇಳಿ ಕಳುಹಿಸಿದೆ. ಆಕೆ ತಾನೇ ಬಂದಳು. ಆಸ್ಪತ್ರೆಯ ಉಡುಪಿನಲ್ಲಿಯೇ ಬಾಗಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ ಮಾತಾಡಿದಳು. ಹುಟ್ಟುಹಬ್ಬಕ್ಕೆ ಒಂದು ಉಡುಗೊರೆ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಆದರೆ ವರ್ಷಪೂರ್ತಿ ಬಾಗಿಲಲ್ಲಿ ತೋರಿಸಬೇಕಾದ ಉಡುಗೊರೆಯನ್ನು ನನ್ನ ಮಗಳು ಹೊರಲಾರಳು ಎಂದಳು. ನನಗೆ ಮಾತು ಹೊರಡಲಿಲ್ಲ. ಐದು ವರ್ಷಗಳ ಹಿಂದೆ ತೀರಿಕೊಂಡ ನನ್ನ ಹೆಂಡತಿ ಇದ್ದಿದ್ದರೆ, ಇದನ್ನು ಮೊದಲೇ ತಿಳಿದು ನನ್ನನ್ನು ತಡೆಯುತ್ತಿದ್ದಳು. ದರ್ಜೆಯನ್ನು ಕಲ್ಪಿಸಿದವನು ದೂರದಲ್ಲೆಲ್ಲೋ ಇರುತ್ತಾನೆ. ಅದರ ನಾಚಿಕೆಯನ್ನು ಹಂಚಿಕೊಳ್ಳಬೇಕಾದವರು ನೆರೆಹೊರೆಯವರು.

ಬೆಲೆಯ ಮಾತು ಇಷ್ಟಕ್ಕೆ ಸಾಕು. ಪದದ ಮಾತೊಂದು ಉಳಿದಿದೆ. ಉಪಾಧ್ಯಾಯನಾದವನಿಗೆ ಅದೇ ಮುಖ್ಯ. ಮೇಲೆ ಹೇಳಿದ 'ಕನಸು' ಎಂಬ ಪಾಸಿಗೆ ನಿಷಿದ್ಧ ದಿನಗಳಿಲ್ಲವೆಂದು ಡಿಸ್ನಿಯವರು ಸಾರಿದ್ದರಷ್ಟೆ. ಆದರೆ ಹೋಗುವ ದಿನವನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕೆಂಬ ನಿಯಮವಿತ್ತು. ಪಾಸಿನವರಿಗೆಂದು ಮೀಸಲಾದ ಸ್ಥಳ ತುಂಬಿದರೆ ಅಂದಿಗೆ ಅವರಿಗೆ ಪ್ರವೇಶವಿಲ್ಲ. ಅದೇ ದಿನಕ್ಕೆ ಬಿಡಿ ಟಿಕೆಟ್ಟುಗಳು ಮಾತ್ರ ದೊರೆಯುತ್ತಿವೆಯೆಂದು ಕಂಡ ಗ್ರಾಹಕರೊಬ್ಬರು 2021ರಲ್ಲಿ ನ್ಯಾಯಾಲಯಕ್ಕೆ ಹೋದರು. ನಿಷಿದ್ಧ ದಿನವಿಲ್ಲವೆಂದರೆ ಎಲ್ಲ ದಿನವೂ ಹೋಗಬಹುದೆಂದು ಅರ್ಥವಲ್ಲವೆ ಎಂಬುದು ಅವರ ಪ್ರಶ್ನೆ. ಸಂಸ್ಥೆ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಆದರೆ 2023ರಲ್ಲಿ 95 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಲಕ್ಷಕ್ಕೂ ಮೇಲ್ಪಟ್ಟ ಪಾಸುದಾರರಲ್ಲಿ ತಲಾ ಸುಮಾರು 67 ಡಾಲರ್ ಹಂಚಿಕೆಗೆ ಬಂತು. ಹಣದ ದೃಷ್ಟಿಯಿಂದ ಅಲ್ಪ. ಆದರೂ ಒಂದು ವಾಕ್ಯಕ್ಕೆ ಓದುಗನು ಮಾಡುವ ಸಹಜವಾದ ಅರ್ಥಕ್ಕೆ ಬೆಲೆಯುಂಟೆಂದು ತೋರಿಸಿಕೊಟ್ಟ ಆ ಗ್ರಾಹಕರನ್ನು, ಇಂಥವರೆಂದು ಅರಿಯದಿದ್ದರೂ, ನಾನು ವ್ಯಾಕರಣದ ಮಿತ್ರರೆಂದು ಎಣಿಸುತ್ತೇನೆ.

ಹಾಗಾದರೆ ಏನು ಮಾಡಬೇಕು? ಬೆಲೆಯನ್ನು ಇಳಿಸಿರೆಂದು ನಾನು ಕೇಳುವುದಿಲ್ಲ. ಮೂರು ಮಾತುಗಳನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು: ವರ್ಷವೆಂದು ಮಾರಿದರೆ ವರ್ಷವನ್ನೇ ಕೊಡಲಿ, ಇನ್ನೂರು ದಿನ ಕೊಡುವುದಾದರೆ ಇನ್ನೂರು ದಿನದ ಪಾಸೆಂದು ಕರೆಯಲಿ. ಕನಸು, ನಂಬಿಕೆಗಳನ್ನು ಕವಿಗಳಿಗೆ ಬಿಡಲಿ. ಎರಡನೆಯದು: ನವೀಕರಣವೆಂದರೆ ಇದ್ದದ್ದನ್ನು ಮತ್ತೆ ಹೊಸದು ಮಾಡುವುದು. ಇದ್ದದ್ದನ್ನು ಕಿತ್ತು ಬೇರೊಂದನ್ನು ಕೊಡುವುದಾದರೆ ಅದಕ್ಕೆ ನವೀಕರಣವೆಂಬ ಹೆಸರು ಸಲ್ಲದು. ವರ್ಷಾನುಗಟ್ಟಲೆ ಜೊತೆಗಿದ್ದವನಿಗೆ ಹಳೆಯ ಷರತ್ತಿನ ಮೇಲೆ ಒಂದು ಸಲವಾದರೂ ಮುಂದುವರಿಯುವ ಅವಕಾಶವಿರಬೇಕು. ಮೂರನೆಯದೇ ಮುಖ್ಯವಾದುದು: ಎಷ್ಟೇ ದರ್ಜೆಗಳಿರಲಿ, ಎಲ್ಲ ದರ್ಜೆಗಳಿಗೂ ಸಮಾನವಾದ ಕೆಲವು ರಜಾದಿನಗಳಿರಲಿ, ತಿಂಗಳಿಗೊಂದು ಶನಿವಾರವಾದರೂ ಇರಲಿ. ಸಂದಣಿಯಾಗುತ್ತದೆ, ನಿಜ. ಜಾತ್ರೆಯಲ್ಲಿ ಸಂದಣಿಯಾಗುತ್ತದೆಂದು ಯಾರೂ ರಥವನ್ನು ಎರಡು ಸಲ ಎಳೆಯುವುದಿಲ್ಲ.

ಇದು ದೂರದ ಅಮೆರಿಕದ ಮಾತು, ನಮಗೇಕೆ ಎನ್ನುವವರುಂಟು. ನಮ್ಮ ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾದಲ್ಲಿಯೂ ವಾರದ ನಡುವಣ ದಿನಕ್ಕೊಂದು ಬೆಲೆ, ರಜೆಗೊಂದು ಬೆಲೆಯ ಪದ್ಧತಿ ಬಂದಿದೆ. ಹೆಚ್ಚು ಕೊಟ್ಟವರಿಗೆ ಸಾಲನ್ನು ದಾಟಿ ಹೋಗುವ ಬೇರೆ ಟಿಕೆಟ್ಟು ಬಂದಿದೆ. ದೇವಸ್ಥಾನಗಳ ವಿಶೇಷ ದರ್ಶನದ ಸಾಲು ಅದಕ್ಕೂ ಹಿಂದಿನದು. ಮೆಟ್ಟಿಲನ್ನು ಕಟ್ಟುವ ಕಲೆಯಲ್ಲಿ ನಾವು ಯಾರಿಗೂ ಶಿಷ್ಯರಾಗಬೇಕಾದುದಿಲ್ಲ. ಕಲಿಯಬೇಕಾದುದು, ಯಾವ ಮೆಟ್ಟಿಲು ಮಕ್ಕಳ ನಡುವೆ ಬರುತ್ತದೆಂಬುದನ್ನು ನೋಡುವ ಕಣ್ಣನ್ನು.

ನಾನು ಹೊರಡುವುದಕ್ಕೆ ನಾಲ್ಕು ದಿನ ಮುಂಚೆ ನವೀಕರಣದ ಅವಧಿ ಮುಗಿಯಿತು. ಮಗಳು ಮೇಲಿನ ಪಾಸಿಗೇ ಹಣ ಕಟ್ಟಲು ಕುಳಿತಿದ್ದಳು. ಅವಳ ಉದ್ದೇಶ ಮಗಳಿಗೆ ಕೊರತೆಯಾಗದಿರಲೆಂಬುದು. ಮೊಮ್ಮಗಳು ಬಂದು ನನ್ನ ಕುರ್ಚಿಯ ತೋಳಿನ ಮೇಲೆ ಕುಳಿತು, "ತಾತ, ಅವಳು ಬರದೆ ಇರೋ ದಿನ ನಾನು ಅಲ್ಲಿ ಹೋಗಿ ಏನು ಮಾಡಲಿ?" ಎಂದಳು. ನಾನು ಉತ್ತರ ಕೊಡಲಿಲ್ಲ. ಮಗಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಒಳಗೆ ಹೋದಳು. ಆ ಶನಿವಾರ ಮಕ್ಕಳಿಬ್ಬರೂ ಬೀದಿಯ ಕೊನೆಯ ಪುರಸಭೆಯ ಹುಲ್ಲುಬಯಲಿನಲ್ಲಿ ಸಂಜೆಯವರೆಗೂ ಜಾರುಬಂಡೆಯಾಡಿದರು. ಅಲ್ಲಿ ಬಾಗಿಲೂ ಇರಲಿಲ್ಲ, ಬೀಗವೂ ಇರಲಿಲ್ಲ. ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದ ಆ ದಾದಿ, ಕತ್ತಲಾಗುತ್ತ ಬಂದಾಗ ಇಬ್ಬರನ್ನೂ ಹೆಸರು ಹಿಡಿದು ಕರೆದಳು. ಇಬ್ಬರೂ ಓಡಿಬಂದರು.